ಮೇಜಿನ ಮೇಲಿನ ಸಾಫ್ಟ್‌ವೇರ್ ಬಾಗಿಲು ಕೆತ್ತೀತೇ?

ಪ್ರಶ್ನೆ: ನಾನು ಮರಗೆಲಸದವನು. ಎರಡು ವರ್ಷದಿಂದ 3018 ಅನ್ನುವ, ಕಂಪ್ಯೂಟರ್ ನಡೆಸುವ ಪುಟ್ಟ ಕೆತ್ತನೆ ಯಂತ್ರದಲ್ಲಿ (ಸಿಎನ್‌ಸಿ) ನೇಮ್ ಬೋರ್ಡು, ಸಣ್ಣ ಗಣಪತಿ ಕೆತ್ತುತ್ತಿದ್ದೇನೆ. ಈಗ ಬಾಗಿಲು ಕೆತ್ತಲು 4×8 ಅಡಿಯ ರೌಟರ್ ಕಟ್ಟುವ ಆಸೆ. ಅದಕ್ಕೂ ಈಗಿನ ಯಂತ್ರ ನಡೆಸುವ ಪುಕ್ಕಟೆ ಸಾಫ್ಟ್‌ವೇರ್ ಜಿಆರ್‌ಬಿಎಲ್ ಸಾಕು ಅಂತ ಒಬ್ಬರು, ಅದು ಆಟಿಕೆ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ ಸರ್?
— ಒಬ್ಬ ಓದುಗ, ಸಾಗರ

ಉತ್ತರ: ಸಾಕು ಅಂದವರ ಮಾತು ಕೇಳಿ, ಆದರೆ ಪೂರ್ತಿ ನಂಬಬೇಡಿ. ಮೇಜು ಎಷ್ಟುದ್ದ ಅನ್ನೋದು ಜಿಆರ್‌ಬಿಎಲ್‌ಗೆ ಗೊತ್ತೇ ಇಲ್ಲ. ನೀವು ಅದರ ಸೆಟ್ಟಿಂಗ್ $130, $131ರಲ್ಲಿ ಬರೆದದ್ದೇ ಅದಕ್ಕೆ ಉದ್ದಗಲ. ಮೋಟರಿಗೆ ಕರೆಂಟ್ ಕೊಡುವ ಡ್ರೈವರ್‌ಗೆ ಪಲ್ಸ್ (ಒಂದು ಪಲ್ಸ್ ಅಂದರೆ ಮೋಟರಿನ ಒಂದು ಪುಟ್ಟ ಹೆಜ್ಜೆ) ಕಳಿಸುವುದಷ್ಟೇ ಅದರ ಕೆಲಸ. ಆಚೆ ತುದಿಯಲ್ಲಿ ಪುಟ್ಟ ಮೋಟರಿದೆಯೋ, ಮೇಜಿನ ಮೇಲೆ ಓಡಾಡುವ ಕ್ವಿಂಟಲ್ ತೂಕದ ಅಡ್ಡ ಚೌಕಟ್ಟು (ಗ್ಯಾಂಟ್ರಿ) ಇದೆಯೋ, ಅದು ಕೇಳುವುದಿಲ್ಲ.

ಕಳಿಸುವ ವೇಗಕ್ಕೆ ಮಾತ್ರ ಮಿತಿಯುಂಟು. ಜಿಆರ್‌ಬಿಎಲ್ ಓಡುವ ಪುಟ್ಟ ಬೋರ್ಡು ಆರ್ಡುಯಿನೊ ಊನೊ ಮೇಲೆ ಸೆಕೆಂಡಿಗೆ ಸುಮಾರು 30,000 ಪಲ್ಸ್. ನಿಮ್ಮ 3018ರಲ್ಲಿ $100 (ಮಿ.ಮೀ.ಗೆ ಎಷ್ಟು ಪಲ್ಸ್ ಅನ್ನುವ ಅಂಕಿ) ತೆರೆದು ನೋಡಿ, 800 ಅಂತಿದ್ದರೆ ನಿಮಿಷಕ್ಕೆ 2250 ಮಿ.ಮೀ. ದಾಟಲಾಗದು. ಯಂತ್ರ ದೊಡ್ಡದಾದರೆ ಇನ್ನೂ ಕಷ್ಟ ಅಂದುಕೊಂಡಿರಾ? ಲೆಕ್ಕ ಉಲ್ಟಾ. 25 ಮಿ.ಮೀ. ವ್ಯಾಸದ ಪಿನಿಯನ್ (ಹಲ್ಲಿನ ಚಕ್ರ) ಒಂದು ಸುತ್ತಿಗೆ ರ‍್ಯಾಕ್ (ಹಲ್ಲಿನ ಪಟ್ಟಿ) ಮೇಲೆ 78.5 ಮಿ.ಮೀ. ಓಡುತ್ತದೆ. ಮೋಟರಿನ ಸುತ್ತಿಗೆ 3200 ಪಲ್ಸ್, ನಡುವೆ 5:1 ಗೇರ್ ಅಂದರೂ ಮಿ.ಮೀ.ಗೆ 204 ಪಲ್ಸ್ ಅಷ್ಟೇ. ನಿಮಿಷಕ್ಕೆ 8800 ಮಿ.ಮೀ. ವೇಗ ಸಿಗುತ್ತದೆ. ಸುತ್ತಿಗೆ 10,000 ಪಲ್ಸ್ ಕೇಳುವ ಸರ್ವೊ ಮೋಟರಿಗೆ, ಸುತ್ತಿಗೆ 10 ಮಿ.ಮೀ. ಸರಿಸುವ ಬಾಲ್ ಸ್ಕ್ರೂ ಹಾಕಿದರೆ ಮಾತ್ರ 1800ಕ್ಕೇ ಏದುಸಿರು.

ಈಗಿನ ಬೋರ್ಡಿನ ಮೇಲೆ ಕೂತಿರುವ ಪುಟಾಣಿ ಡ್ರೈವರ್‌ಗಳು ದೊಡ್ಡ ಮೋಟರ್ ಎಳೆಯಲಾರವು. ಸಾಫ್ಟ್‌ವೇರ್ ಅದೇ ಇರಲಿ, ಹೊರಗಿನ ಡ್ರೈವರ್, ನೆಮಾ 23 ಅಳತೆಯ ದೊಡ್ಡ ಮೋಟರ್, ಬೇರೆ ಪವರ್ ಸಪ್ಲೈ ಬೇಕೇ ಬೇಕು.

ನಾನು ಕೈ ಸುಟ್ಟುಕೊಂಡದ್ದು ಬೇರೆ ಕಡೆ. ಶೆಡ್ಡಿನಲ್ಲಿ ನಾಲ್ಕಡಿಯ ಯಂತ್ರ ಕಟ್ಟಿದಾಗ ಸಣ್ಣದರ ಸೆಟ್ಟಿಂಗನ್ನೇ ಕಾಪಿ ಮಾಡಿದೆ. ಮೋಟರ್ ಎಷ್ಟು ಬೇಗ ವೇಗ ಹಿಡಿಯಬೇಕು ಅನ್ನುವ $120, $121 ಇಳಿಸಲು ಮರೆತೆ. ಹಲಸಿನ ಹಲಗೆಯಲ್ಲಿ ನವಿಲು. ಕುತ್ತಿಗೆ ಹತ್ತಿರ ಬಂದಾಗ 'ಟಕ್' ಅಂತು, ಅಲ್ಲಿಂದ ಮುಂದೆ ಎಲ್ಲವೂ 11 ಮಿ.ಮೀ. ಪಕ್ಕಕ್ಕೆ. ಪರದೆ ಮೇಲಿನ ಅಂಕಿ ಮಾತ್ರ ಅಪ್ಪಟ ಸರಿ! ಮೋಟರ್ ತಪ್ಪಿದ್ದು ಜಿಆರ್‌ಬಿಎಲ್‌ಗೆ ತಿಳಿಯುವುದಿಲ್ಲ, ಮೋಟರ್ ನಿಜಕ್ಕೂ ಎಷ್ಟು ತಿರುಗಿತು ಅಂತ ಹೇಳುವ ಎನ್‌ಕೋಡರ್ ಓದುವ ಗೋಜಿಗೇ ಅದು ಹೋಗದು. ಆ ಹಲಗೆ ಈಗ ನಮ್ಮ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡು.

ಎನ್‌ಕೋಡರ್ ಬೇಕೆಂದರೆ ಲಿನಕ್ಸ್‌ಸಿಎನ್‌ಸಿ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಇದೆ. ಇದೂ ಪುಕ್ಕಟೆ, ಆದರೆ ಆಟಿಕೆ ಅನ್ನುವಂತಿಲ್ಲ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯಲ್ಲಿ ಹುಟ್ಟಿದ ಇದರ ಮೂಲರೂಪವನ್ನು 1990ರ ದಶಕದಲ್ಲೇ ಜನರಲ್ ಮೋಟರ್ಸ್‌ನ ಶಾಪ್‌ನಲ್ಲಿ ನಾಲ್ಕು ಆಕ್ಸಿಸ್ ಮಿಲ್ಲಿಂಗ್ ಯಂತ್ರಕ್ಕೆ ಹಾಕಿ ಓಡಿಸಿದ್ದರು. ಮರದ ಬಾಗಿಲಿಗೆ ಅಷ್ಟೆಲ್ಲ ಬೇಡ ಅನ್ನೋದು ನನ್ನ ಅಭಿಪ್ರಾಯ.

ಕಟ್ಟಿ ಮುಗಿಸಿದ ದಿನ ಬಿಟ್ ಹಾಕದೆ ಉದ್ದಕ್ಕೆ 2000 ಮಿ.ಮೀ. ಜಾಗ್ ಮಾಡಿ (ಕೆತ್ತದೆ ಸುಮ್ಮನೆ ಓಡಿಸಿ), ಟೇಪು ಹಿಡಿಯಿರಿ. 1996 ಬಂದರೆ ಆ ಆಕ್ಸಿಸ್‌ನ ಪಲ್ಸ್ ಅಂಕಿಯನ್ನು 2000ದಿಂದ ಗುಣಿಸಿ, 1996ರಿಂದ ಭಾಗಿಸಿ, ಬಂದದ್ದನ್ನು ಬರೆಯಿರಿ. 3018ರಲ್ಲಾದರೆ ಇದೇ ತಪ್ಪು ಅರ್ಧ ಮಿ.ಮೀ. ಆಸುಪಾಸು, ಗಣಪತಿ ಸಹಿಸಿಕೊಳ್ಳುತ್ತಾನೆ. ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ.