ಕೋಶವನ್ನು ಸಾಯಿಸುವ ಜೀನ್‌ಗೆ ಯಾವ ವೈರಸ್ ಒಳ್ಳೆಯದು?

ಕೋಶ ತಾನೇ ಸಾಯುವಂತೆ ಮಾಡುವ ಬಾಕ್ಸ್ ಜೀನನ್ನು ಕ್ಯಾನ್ಸರ್ ಕೋಶಗಳಿಗೆ ಸೇರಿಸಲು ಅಡಿನೋ, ಲೆಂಟಿ, ಎಎವಿ ಅನ್ನೋ ಜೀನ್ ಹೊರುವ ವೈರಸ್‌ಗಳಲ್ಲಿ ಯಾವುದು ಸರಿ, ಕೊಡಗಿನ ಕಾಲೇಜಿನಲ್ಲೇ ಇದನ್ನು ಮಾಡಬಹುದಾ ಅಂತ ಕೇಳಿದ್ದೀರಿ. ನಾನು ವಿರಾಜಪೇಟೆ ಕಡೆಯವನು. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುವಾಗ ಇದೇ ಜೀನ್ ಹಿಡಿದು ಕೂತಿದ್ದೆ. ಈಗ ಮಡಿಕೇರಿಯಲ್ಲಿ ಪಾಠ ಮಾಡುತ್ತೇನೆ.

ನಾನೂ ಆಗ ಯಾವ ವೈರಸ್ ಅನ್ನೋದರಲ್ಲೇ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಅಡಿನೋ ಆರಿಸಿದೆ. ಅದರ ಡಿಎನ್‌ಎಯಿಂದ ಇ1, ಇ3 ಅನ್ನೋ ಭಾಗ ತೆಗೆದರೆ ಸುಮಾರು 8 ಕಿಲೋಬೇಸ್, ಅಂದರೆ 8 ಸಾವಿರ ಡಿಎನ್‌ಎ ಅಕ್ಷರದಷ್ಟು ಜಾಗ ಸಿಗುತ್ತದೆ. ಬಾಕ್ಸ್ ಪ್ರೋಟೀನ್ ಬರೀ 192 ಅಮೈನೋ ಆಮ್ಲದ್ದು, ಜಾಗದ ಚಿಂತೆಯೇ ಇಲ್ಲ. ಜೀನಿನ ಮುಂದೆ ಸಿಎಂವಿ ಪ್ರೊಮೋಟರ್ ಹಾಕಿದೆ. ಪ್ರೊಮೋಟರ್ ಅಂದರೆ ಜೀನನ್ನು ಆನ್ ಮಾಡುವ ಡಿಎನ್‌ಎ ಸ್ವಿಚ್. ಎಲ್ಲರೂ ಅದನ್ನೇ ಹಾಕುತ್ತಿದ್ದರು. ಅದು ಯಾವಾಗಲೂ ಆನ್ ಇರುವ ಪ್ರೊಮೋಟರ್.

ಈ ವೈರಸ್ ಬೆಳೆಯುವುದು 293 ಕೋಶಗಳಲ್ಲಿ. 1973ರಲ್ಲಿ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ಮಾನವ ಭ್ರೂಣದ ಕಿಡ್ನಿ ಕೋಶಕ್ಕೆ ಅಡಿನೋವೈರಸ್ 5ರ ಡಿಎನ್‌ಎ ಚೂರುಗಳನ್ನು ಸೇರಿಸಿ ಮಾಡಿದ ಕೋಶಗಳು ಅವು. ನಾವು ವೆಕ್ಟರ್‌ನಿಂದ, ಅಂದರೆ ಜೀನ್ ಹೊರುವ ವೈರಸ್‌ನಿಂದ, ತೆಗೆದ ಇ1 ಅಲ್ಲಿರುತ್ತದೆ, ಹಾಗಾಗಿ ವೈರಸ್ ಅಲ್ಲಿ ಬೆಳೆಯುತ್ತದೆ, ಕೊನೆಗೆ ಕೋಶವನ್ನು ಕೊಲ್ಲುತ್ತದೆ. ಆ ಕೋಶ ದುಂಡಗಾಗಿ ಫ್ಲಾಸ್ಕಿನ ತಳ ಬಿಟ್ಟು ತೇಲುತ್ತದೆ. ಬಾಕ್ಸ್‌ನಿಂದ ಸಾಯುವ ಕೋಶವೂ ದುಂಡಗಾಗುತ್ತದೆ, ಅದೂ ತೇಲುತ್ತದೆ. ಸಾಧಾರಣ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಯಾವ ಸಾವು ಯಾವುದು ಅಂತ ಸುಲಭವಾಗಿ ಗೊತ್ತಾಗುವುದಿಲ್ಲ.

ನನ್ನ ಫ್ಲಾಸ್ಕಿನಲ್ಲಿ ಕೋಶಗಳು ಬೇಗ ಬೇಗ ತೇಲಿದವು. ವೈರಸ್ ಜೋರಾಗಿ ಬೆಳೀತಿದೆ ಅಂದುಕೊಂಡೆ. ಆ ವರ್ಷ ಕಾಫಿ ಕೊಯ್ಲಿಗೆ ಊರಿಗೆ ಬಂದಾಗ ಅಪ್ಪನಿಗೂ ಹಾಗೇ ಹೇಳಿದೆ. ನಿಜವಾಗಿ ಆಗುತ್ತಿದ್ದದ್ದೇ ಬೇರೆ. ಬಾಕ್ಸ್ ಮೈಟೋಕಾಂಡ್ರಿಯಾದ ಹೊರಪೊರೆಗೆ ತೂತು ಮಾಡುತ್ತಿತ್ತು. ಒಳಗಿದ್ದ ಸೈಟೋಕ್ರೋಮ್ ಸಿ ಅನ್ನೋ ಪ್ರೋಟೀನ್ ಹೊರಬಂದು, ಕೋಶವನ್ನು ಒಳಗಿನಿಂದ ಕೊಲ್ಲುವ ಕಿಣ್ವಗಳಾದ ಕ್ಯಾಸ್ಪೇಸ್ 9, ಆಮೇಲೆ ಕ್ಯಾಸ್ಪೇಸ್ 3 ಎಚ್ಚರವಾಗುತ್ತಿದ್ದವು. ವೈರಸ್ ತನ್ನ ಮರಿಗಳನ್ನು ಕಟ್ಟಿ ಮುಗಿಸುವ ಮೊದಲೇ ಕೋಶ ಸಾಯುತ್ತಿತ್ತು. 293ರಲ್ಲಿ ಇ1ಬಿ 19ಕೆ ಅನ್ನೋ ಪ್ರೋಟೀನ್ ಇದೆ, ಅದು ಕೋಶದ ಸಾವನ್ನು ತಡೆಯುವ ಬಿಸಿಎಲ್-2 ಪ್ರೋಟೀನ್ ಥರ ಬಾಕ್ಸನ್ನು ತಡೆಯುತ್ತದೆ. ಅದೇ ಕಾಪಾಡುತ್ತದೆ ಅಂತ ನಮ್ಮ ಲ್ಯಾಬಿನಲ್ಲಿ ಎಲ್ಲರೂ ನಂಬಿದ್ದೆವು. ಸಿಎಂವಿ ಕೊಡುವ ಬಾಕ್ಸ್ ಪ್ರಮಾಣದ ಮುಂದೆ ಅದು ಸಾಕಾಗಲಿಲ್ಲ.

ಟೈಟರ್, ಅಂದರೆ ಸಿಕ್ಕ ವೈರಸ್‌ನ ಲೆಕ್ಕ, ತೀರಾ ಕಡಿಮೆ ಬಂತು. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಬಂದ ವೈರಸ್ಸನ್ನೇ ಮತ್ತೆ ಮತ್ತೆ 293ಕ್ಕೆ ಹಾಕಿ ಬೆಳೆಸಿದೆ. ಟೈಟರ್ ಏರಿತು, ಖುಷಿಯಾಯಿತು. ಒಳಗಿನ ಜೀನ್ ಇನ್ನೂ ಇದೆಯಾ ಅಂತ ಮಾತ್ರ ನೋಡಲಿಲ್ಲ. ನನಗೆ ದುಬಾರಿಯಾದದ್ದು ಇದೊಂದೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಷ್ಟೊಂದು ವೈರಸ್‌ಗಳ ನಡುವೆ ಬಾಕ್ಸ್ ಕಳೆದುಕೊಂಡವು ಕೆಲವು ಇದ್ದೇ ಇರುತ್ತವೆ. ಅವು ಹೊಕ್ಕ ಕೋಶ ಜಾಸ್ತಿ ಹೊತ್ತು ಬದುಕುತ್ತದೆ, ಜಾಸ್ತಿ ಮರಿ ಕೊಡುತ್ತದೆ. ಬಾಕ್ಸ್ ಸರಿಯಾಗಿರುವ ವೈರಸ್ ತನ್ನ ಮನೆಯನ್ನೇ ಬೇಗ ಕೊಂದುಕೊಳ್ಳುತ್ತದೆ. ಪ್ರತಿ ಸುತ್ತಿನಲ್ಲೂ ಕೆಟ್ಟವುಗಳ ಪಾಲು ಏರುತ್ತದೆ. ಗದ್ದೆಯಲ್ಲಿ ಪೈರು ಕಿತ್ತು ಕಳೆ ಬೆಳೆಸಿದ ಹಾಗೆ. ಏರಿದ ಟೈಟರ್ ಅಂದರೆ ಬಾಕ್ಸ್ ಇಲ್ಲದ ವೈರಸ್‌ಗಳ ಲೆಕ್ಕ, ಅಷ್ಟೇ.

ಆ ಸ್ಟಾಕನ್ನು ಕ್ಯಾನ್ಸರ್ ಕೋಶಗಳಿಗೆ ಹಾಕಿದರೆ ಅವು ಸಾಯಲಿಲ್ಲ. ಡೋಸ್ ಏರಿಸಿದೆ. ತುಂಬಾ ಏರಿಸಿದ ಮೇಲೆ ಸತ್ತವು, ಗ್ರಾಫ್ ಚೆನ್ನಾಗಿ ಬಂತು. ಆದರೆ ಹೋಲಿಕೆಗೆ (ಕಂಟ್ರೋಲ್‌ಗೆ) ಇಟ್ಟಿದ್ದ, ಬಾಕ್ಸ್ ಬದಲು ಹೊಳೆಯುವ ಜಿಎಫ್‌ಪಿ ಪ್ರೋಟೀನಿನ ಜೀನ್ ಇದ್ದ ವೈರಸ್ ಹಳೇ ಡೋಸ್‌ನಲ್ಲೇ ಇತ್ತು. ಅಡಿನೋ ಅತಿಯಾದರೆ ಖಾಲಿ ವೈರಸ್ಸೂ ಕೋಶವನ್ನು ಕೊಲ್ಲುತ್ತದೆ. ಕೊನೆಗೆ ಪಿಎಚ್‌ಡಿ ಕಮಿಟಿಯಲ್ಲಿ ಒಬ್ಬರು ಮೇಡಂ ವೆಸ್ಟರ್ನ್ ಬ್ಲಾಟ್, ಅಂದರೆ ಪ್ರೋಟೀನ್ ಇದೆಯಾ ಅಂತ ತೋರಿಸುವ ಪರೀಕ್ಷೆ, ಎಲ್ಲಿ ಅಂತ ಕೇಳಿದರು. ಮಾಡಿ ನೋಡಿದರೆ ಕೋಶದಲ್ಲಿ ಮೊದಲೇ ಇರುವ ಬಾಕ್ಸ್‌ನ ಮಸುಕು ಬ್ಯಾಂಡ್ ಬಿಟ್ಟು ಬೇರೇನೂ ಇಲ್ಲ. ಡಿಎನ್‌ಎ ನೋಡುವ ಪಿಸಿಆರ್ ಪರೀಕ್ಷೆಯಲ್ಲಿ ಇನ್ಸರ್ಟ್, ಅಂದರೆ ನಾನು ಸೇರಿಸಿದ್ದ ಬಾಕ್ಸ್ ಜೀನ್, ತುಂಡಾಗಿತ್ತು. ಥೀಸಿಸ್ಸಿನ ಒಂದು ಅಧ್ಯಾಯ ಪೂರ್ತಿ ಹೋಯಿತು. ಫೆಲೋಶಿಪ್ ಮುಗಿದ ಮೇಲೂ ಕೈಯಿಂದ ಖರ್ಚು ಮಾಡಿಕೊಂಡು ಲ್ಯಾಬಿನಲ್ಲಿ ಉಳಿಯಬೇಕಾಯಿತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲೆಂಟಿಯನ್ನೂ ಎಎವಿಯನ್ನೂ ಸಾಮಾನ್ಯವಾಗಿ 293ರ ಬಳಗದ ಕೋಶಗಳಲ್ಲೇ ತಯಾರು ಮಾಡುತ್ತಾರೆ. ಬಾಕ್ಸ್ ಅಲ್ಲಿ ಆನ್ ಆದರೆ ಅಲ್ಲೂ ಇದೇ ಕಥೆ. ಸ್ವಿಚ್ ಎಲ್ಲಿದೆ ಅಂತ ಮೊದಲು ಕೇಳಿಕೊಳ್ಳಿ. ಡಾಕ್ಸಿಸೈಕ್ಲಿನ್ ಕೊಟ್ಟಾಗ ಮಾತ್ರ ಆನ್ ಆಗುವ ಟೆಟ್ ವ್ಯವಸ್ಥೆ ಇದೆ, ಆದರೆ ಸ್ವಲ್ಪ ಸೋರುತ್ತದೆ, ಅಂದರೆ ಔಷಧಿ ಇಲ್ಲದೆಯೂ ಸ್ವಲ್ಪ ಆನ್ ಇರುತ್ತದೆ. ಬಾಕ್ಸ್ ಒಂದು ವೈರಸ್‌ನಲ್ಲಿ, ಅದನ್ನು ಎಬ್ಬಿಸುವ ಪ್ರೋಟೀನ್ ಇನ್ನೊಂದರಲ್ಲಿ ಇಟ್ಟು, ಎರಡೂ ಸೇರಿದ ಕೋಶದಲ್ಲಿ ಮಾತ್ರ ಆನ್ ಮಾಡುವ ದಾರಿಯೂ ಇದೆ. ನನಗೆ ಹಿಡಿಸಿದ್ದು ಐಕ್ಯಾಸ್ಪ್9, ಅಂದರೆ ಔಷಧಿ ಕೊಟ್ಟಾಗ ಎಚ್ಚರವಾಗುವ ಕ್ಯಾಸ್ಪೇಸ್ 9. ಕ್ಯಾಸ್ಪೇಸ್ 9ರ ತುಂಡುಗಳು ಕೋಶದಲ್ಲಿ ಬಿಡಿಬಿಡಿಯಾಗಿ ಸುಮ್ನೆ ಇರುತ್ತವೆ. ಜೋಡಿಸುವ ಔಷಧಿ ಕೊಟ್ಟರೆ ಎರಡೆರಡು ಸೇರಿ ಕೆಲಸ ಶುರು ಮಾಡುತ್ತವೆ. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗಿಗಳಿಗೆ ಕೊಟ್ಟಿದ್ದ, ಈ ಸ್ವಿಚ್ ಇದ್ದ ಟಿ ಕೋಶಗಳಲ್ಲಿ (ರೋಗನಿರೋಧಕ ಕೋಶಗಳು) 90%ಕ್ಕಿಂತ ಜಾಸ್ತಿ ಒಂದೇ ಡೋಸ್‌ಗೆ 30 ನಿಮಿಷದಲ್ಲಿ ಮಾಯವಾಗಿದ್ದವು.

ಇನ್ನು ಕೊಡಗಿನ ವಿಷಯ. ಇಲ್ಲಿ ವೈರಸ್ ಬೆಳೆಸಬೇಡಿ. ಬಯೋಸೇಫ್ಟಿ ಕಮಿಟಿಯ ಒಪ್ಪಿಗೆ, ಬಿಎಸ್ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆ) ಕ್ಯಾಬಿನೆಟ್, ಮೈನಸ್ 80 ಫ್ರೀಜರ್ ಎಲ್ಲ ಬೇಕು. ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು ಅಲ್ವಾ? ಲೆಂಟಿ ಒಂದು ಸಲ ಕರಗಿ ಮತ್ತೆ ಗಟ್ಟಿಯಾದರೂ ಸಾಕು, ಶಕ್ತಿ ಬೀಳುತ್ತದೆ.

ನಿಮ್ಮ ನಿಜವಾದ ಪ್ರಶ್ನೆ ಬಾಕ್ಸನ್ನು ಯಾವುದು ತಡೆಯುತ್ತದೆ ಅನ್ನೋದಾದರೆ ಯೀಸ್ಟ್ ಹಿಡಿಯಿರಿ. ಯೀಸ್ಟ್‌ಗೆ ತನ್ನದೇ ಬಾಕ್ಸ್ ಇಲ್ಲ. ಹೊರಗಿನಿಂದ ಕೊಟ್ಟರೆ ಸಾಯುತ್ತದೆ, ಜೊತೆಗೆ ಬಿಸಿಎಲ್-2 ಕೊಟ್ಟರೆ ಉಳಿಯುತ್ತದೆ. ಬಾಕ್ಸ್ ಕೊಲ್ಲುವುದನ್ನು ತಡೆಯುವ ಬಾಕ್ಸ್ ಇನ್ಹಿಬಿಟರ್-1 ಪ್ರೋಟೀನ್ ಸಿಕ್ಕಿದ್ದೇ ಯೀಸ್ಟ್‌ನಲ್ಲಿ ಹುಡುಕಿದಾಗ, 1998ರಲ್ಲಿ. ಗಾಲ್1 ಪ್ರೊಮೋಟರ್ ಹಾಕಿ. ಗ್ಲೂಕೋಸ್ ಇದ್ದಾಗ ಆಫ್, ಗ್ಯಾಲಕ್ಟೋಸ್‌ನಲ್ಲಿ ಆನ್. ಗ್ಲೂಕೋಸ್ ಸ್ವಲ್ಪ ಉಳಿದರೂ ಆನ್ ಆಗುವುದಿಲ್ಲ, ಅದಕ್ಕೇ ಮೊದಲು ರಾಫಿನೋಸ್ ಅನ್ನೋ ಬೇರೆ ಸಕ್ಕರೆಯಲ್ಲಿ ಬೆಳೆಸಿಕೊಳ್ಳಿ. ಇದನ್ನೂ ಬಯೋಸೇಫ್ಟಿ ಕಮಿಟಿಗೆ ತಿಳಿಸಬೇಕು, ಆದರೆ ಕಡಿಮೆ ಅಪಾಯದ ಕೆಲಸ. 30 ಡಿಗ್ರಿಯ ಇನ್‌ಕ್ಯುಬೇಟರ್ ಇದ್ದರೆ ನಮ್ಮ ಮಳೆಗಾಲದಲ್ಲೂ ನಡೆಯುತ್ತದೆ.

ಕ್ಯಾನ್ಸರ್ ಕೋಶವೇ ಬೇಕು ಅನ್ನಿಸಿದರೆ, ಈಗಾಗಲೇ ಈ ವೈರಸ್ ಬೆಳೆಸುತ್ತಿರುವ ಲ್ಯಾಬಿಗೆ ಪ್ರಾಜೆಕ್ಟ್‌ಗೆ ಹೋಗಿ. ಖಾಲಿ ವೈರಸ್ಸನ್ನು ಅದೇ ಡೋಸ್‌ನಲ್ಲಿ ಪಕ್ಕದಲ್ಲೇ ಹಾಕಿ, ಎಷ್ಟೇ ಏರಿಸಿದರೂ ಜೊತೆಗೇ ಏರಿಸಿ. ಮತ್ತೆ ಅವರು ಕೈಗೆ ಕೊಡುವ ಸ್ಟಾಕಿನ ಇನ್ಸರ್ಟನ್ನು ಕೊನೆಯ ಸಲ ಯಾವಾಗ ಸೀಕ್ವೆನ್ಸ್ ಮಾಡಿದ್ದು ಅಂತ ಕೇಳಿ, ನಾಚಿಕೆ ಪಡಬೇಡಿ.