ಗಂಡ ಸೋದರಮಾವನೇ, ಆದರೂ ಅವರ ಕಿಡ್ನಿ ಏಕೆ ಬೇಡ?

(ಗುರುತು ಹತ್ತುವ ವಿವರಗಳನ್ನು ಬದಲಿಸಲಾಗಿದೆ.)

ಆಕೆಗೆ 39 ವರ್ಷ. ಹದಿನಾಲ್ಕು ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮದುವೆಯಾಗಿರುವುದು ಸೋದರಮಾವನನ್ನು. 19ರ ಮಗಳು, 15ರ ಮಗ ಇದ್ದಾರೆ. ಕಿಡ್ನಿ ಕಸಿಯ ಆಪ್ತಸಲಹೆಗೆ ನನ್ನ ಬಳಿ ಗಂಡ ಮತ್ತು 58 ವರ್ಷದ ತಾಯಿ ಜೊತೆಗೆ ಬಂದಿದ್ದರು. ಮಾತು ಶುರು ಮಾಡಿದ್ದು ತಾಯಿ: "ಅಳಿಯ ಅಂದ್ರೆ ಬೇರೆಯವನಲ್ಲ ಮೇಡಂ, ನನ್ನ ಒಡಹುಟ್ಟಿದ ತಮ್ಮ. ಬ್ಲಡ್ ಗ್ರೂಪೂ ಹೊಂದುತ್ತೆ, ಅರ್ಧ ಮ್ಯಾಚ್ ಅಂತ ರಿಪೋರ್ಟಲ್ಲೇ ಇದೆ. ಆದ್ರೂ ಡಾಕ್ಟ್ರು ಬೇಡ ಅಂದ್ರು. ಯಾಕೆ?"

ಉತ್ತರ ಇರುವುದು ಎಚ್‌ಎಲ್‌ಎ ವಂಶವಾಹಿಗಳಲ್ಲಿ. 6ನೇ ವರ್ಣತಂತುವಿನ ಮೇಲೆ ಒತ್ತೊತ್ತಾಗಿರುವ ಇವು ಜೀವಕೋಶದ ಮೈಮೇಲೆ 'ಇದು ನನ್ನದು' ಎನ್ನುವ ಗುರುತು ಮೂಡಿಸುತ್ತವೆ. ಒತ್ತಾಗಿರುವುದರಿಂದ ಸಾಮಾನ್ಯವಾಗಿ ಬಿಡಿಬಿಡಿಯಾಗಿ ಅಲ್ಲ, ಒಂದೇ ಎಳೆಯಾಗಿ ಮಕ್ಕಳಿಗೆ ಇಳಿಯುತ್ತವೆ: ತಾಯಿಯಿಂದ ಒಂದೆಳೆ, ತಂದೆಯಿಂದ ಒಂದೆಳೆ. ಕಾಗದದ ಮೇಲೆ ನಾಲ್ಕು ಬಣ್ಣದಲ್ಲಿ ಬರೆದು ತೋರಿಸಿದೆ. ತಾಯಿಯದು ಕೆಂಪು-ನೀಲಿ. ರೋಗಿಗೆ ತಾಯಿಯಿಂದ ಕೆಂಪು, ತೀರಿಕೊಂಡ ತಂದೆಯಿಂದ ಹಳದಿ. ಗಂಡ ತಾಯಿಯ ತಮ್ಮನಾದ್ದರಿಂದ ಅವರಲ್ಲೂ ಕೆಂಪು ಇರುವ ಸಾಧ್ಯತೆ ಶೇ. 50; ಪರೀಕ್ಷೆಯಲ್ಲಿ ಇದೆ ಎಂದೇ ಕಂಡಿತು. ಅವರ ಇನ್ನೊಂದು ಎಳೆ ಹಸಿರು. 'ಅರ್ಧ ಮ್ಯಾಚ್' ಎಂದರೆ ಇಷ್ಟೇ. ಎ, ಬಿ, ಡಿಆರ್ ಎಂಬ ಮೂರು ಜಾಗಗಳ ಆರು ಗುರುತುಗಳಲ್ಲಿ ಮೂರು ಹೊಂದಿವೆ.

ತೊಡಕು ಹಸಿರಿನಲ್ಲಿ. ಮಗಳಿಗೆ ಅಪ್ಪನಿಂದ ಕೆಂಪು ಬಂದಿದೆ, ಅಮ್ಮನಿಂದ ಹಳದಿ. ಹಾಗಾಗಿ ಅವಳು ಹೊಟ್ಟೆಯಲ್ಲಿದ್ದಾಗ ಎಚ್‌ಎಲ್‌ಎ ಮಟ್ಟಿಗೆ ತಾಯಿಯ ಮೈಗೆ ಪರಕೀಯವಾದದ್ದು ಏನೂ ಇರಲಿಲ್ಲ. ಮಗನಿಗೆ ಅಪ್ಪನಿಂದ ಬಂದದ್ದು ಹಸಿರು. ಆ ಬಸಿರಿನಲ್ಲಿ ಆಕೆಯ ರೋಗನಿರೋಧಕ ವ್ಯವಸ್ಥೆ ಹಸಿರನ್ನು ಕಂಡಿತು, ಅದರ ಮೇಲೆ ಎರಗುವ ಪ್ರತಿಕಾಯ ಕಟ್ಟಿತು, ನೆನಪಿಟ್ಟುಕೊಂಡಿತು. ಕಳೆದ ವರ್ಷ ಹಿಮೋಗ್ಲೋಬಿನ್ ಇಳಿದಾಗ ಕೊಟ್ಟ ಎರಡು ಬಾಟಲಿ ರಕ್ತ ಆ ನೆನಪನ್ನು ಕೆದಕಿರಲೂ ಸಾಕು. ಒಂದೊಂದು ಗುರುತಿಗೂ ಬೇರೆಬೇರೆಯಾಗಿ ಪ್ರತಿಕಾಯ ಹುಡುಕುವ ಸಿಂಗಲ್ ಆಂಟಿಜೆನ್ ಬೀಡ್ ಪರೀಕ್ಷೆಯಲ್ಲಿ ಗಂಡನ ಡಿಕ್ಯೂ (ಆರರ ಲೆಕ್ಕಕ್ಕೆ ಸೇರದ, ಆದರೆ ಅದೇ ಹಸಿರು ಎಳೆಯ ಮೇಲಿನ ಇನ್ನೊಂದು ಜಾಗ) ಗುರುತಿನ ವಿರುದ್ಧ ಪ್ರತಿಕಾಯ ಸಿಕ್ಕಿತು. ಎಂಎಫ್‌ಐ (ಪ್ರತಿಕಾಯ ಎಷ್ಟಿದೆ ಎಂದು ಸೂಚಿಸುವ ಅಂಕ) ಸುಮಾರು 6,000. ಕ್ರಾಸ್‌ಮ್ಯಾಚ್ ಎಂದರೆ ದಾನಿಯ ಕೋಶಗಳಿಗೆ ರೋಗಿಯ ರಕ್ತದ್ರವ ಬೆರೆಸಿ ನೋಡುವುದು. ಕೋಶ ಸಾಯುತ್ತದೆಯೇ ಎಂದು ನೋಡುವ ಹಳೆಯ ಸಿಡಿಸಿ ಕ್ರಾಸ್‌ಮ್ಯಾಚ್ ನೆಗೆಟಿವ್, ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಹೆಚ್ಚು ಸೂಕ್ಷ್ಮವಾದ ಫ್ಲೋ ಕ್ರಾಸ್‌ಮ್ಯಾಚ್‌ನಲ್ಲಿ ಬಿ-ಕೋಶ (ಒಂದು ಬಗೆಯ ಬಿಳಿ ರಕ್ತಕಣ) ಪಾಸಿಟಿವ್. ಮನೆಯವರು ಹಿಡಿದುಕೊಂಡಿದ್ದು ಆ ನೆಗೆಟಿವ್ ಒಂದನ್ನೇ. ಸಿಡಿಸಿ ಪಾಸಿಟಿವ್ ಆಗಿದ್ದರೆ ಕಿಡ್ನಿ ಆಪರೇಷನ್ ಟೇಬಲ್ಲಿನ ಮೇಲೆಯೇ ಕಪ್ಪಾಗಬಹುದಿತ್ತು. ಈ ಅಪಾಯವನ್ನು ಸಂಶೋಧಕರಾದ ಪಟೇಲ್ ಮತ್ತು ತೆರಸಾಕಿ 1969ರಲ್ಲೇ ತೋರಿಸಿಕೊಟ್ಟಿದ್ದಾರೆ. ನೆಗೆಟಿವ್ ಬಂದರೆ ಆ ಅಪಾಯ ತಗ್ಗುತ್ತದೆ, ಆದರೆ ವಾರಗಳಲ್ಲೋ ವರ್ಷಗಳಲ್ಲೋ ಪ್ರತಿಕಾಯಗಳು ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಕೆಡಿಸುವ ಅಪಾಯ ಉಳಿದೇ ಇರುತ್ತದೆ.

ಪ್ಲಾಸ್ಮಾಫೆರೆಸಿಸ್ (ರಕ್ತದ್ರವ ಬದಲಿಸುವುದು), ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಇಂಜೆಕ್ಷನ್), ರಿಟಕ್ಸಿಮ್ಯಾಬ್ (ಬಿ-ಕೋಶ ಕಡಿಮೆ ಮಾಡುವ ಔಷಧ) ಕೊಟ್ಟು ಪ್ರತಿಕಾಯ ಇಳಿಸಿ ಕಸಿ ಮಾಡುವ ದಾರಿ ಇದೆ. ಖರ್ಚು ಹೆಚ್ಚು, ಸೋಂಕಿನ ಭಯ ಹೆಚ್ಚು, ಇಳಿದ ಪ್ರತಿಕಾಯ ಮತ್ತೆ ಏರಬಹುದು. ಬೇರೆ ದಾನಿಯೇ ಇಲ್ಲದಾಗ ಯೋಚಿಸಬೇಕಾದ ದಾರಿ ಅದು. ಇಲ್ಲಿ ದಾನಿ ಎದುರಿಗೇ ಕೂತಿದ್ದರು. ತಾಯಿಯದೂ ಅರ್ಧ ಮ್ಯಾಚೇ, ಆದರೆ ನೀಲಿಯ ವಿರುದ್ಧ ರೋಗಿಯಲ್ಲಿ ಪ್ರತಿಕಾಯ ಇಲ್ಲ. ಎರಡೂ ಕ್ರಾಸ್‌ಮ್ಯಾಚ್ ನೆಗೆಟಿವ್. ಅದೇ ಮೂರು ಗುರುತಿನ ವ್ಯತ್ಯಾಸ, ಫಲ ಮಾತ್ರ ಬೇರೆ. ರಿಪೋರ್ಟಿನಲ್ಲಿ ಮ್ಯಾಚ್ ಎಷ್ಟು ಎಂದು ನೋಡುವ ಮೊದಲು ದಾನಿಯ ವಿರುದ್ಧ ಪ್ರತಿಕಾಯ ಇದೆಯೇ ಎಂದು ನೋಡಿ ಎಂದು ಹೇಳಿದೆ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಮಾತು ಓಡಾಡುತ್ತಿತ್ತು. ರೋಗಿಯ 19ರ ಮಗಳದು ಆರಕ್ಕೆ ಆರು. ಸೋದರಸಂಬಂಧದ ಮದುವೆಯಿಂದಾಗಿ ತಾಯಿ-ಮಗಳು ಎಚ್‌ಎಲ್‌ಎ ಮಟ್ಟಿಗೆ ಒಂದೇ ಅಚ್ಚು. "ಇಷ್ಟು ಚೆನ್ನಾಗಿ ಹೊಂದುವಾಗ ಅಜ್ಜಿಗೆ ಯಾಕೆ ಕಷ್ಟ?" ಎಂದು ನೆಂಟರು. ಮಗಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿದೆ. ಕೊಡುವೆ ಎಂದಳು. ಬೇಡ ಎನ್ನುವ ಹಕ್ಕು ಕೊನೆಯ ಗಳಿಗೆಯವರೆಗೂ ಅವಳದೇ, ಅವಳು ಬೇಡ ಎಂದರೆ ಮನೆಯವರಿಗೆ 'ವೈದ್ಯಕೀಯವಾಗಿ ಆಗುವುದಿಲ್ಲ' ಎಂದಷ್ಟೇ ತಿಳಿಸಲಾಗುತ್ತದೆ ಎಂದು ಹೇಳಿದ ಮೇಲೂ ಕೊಡುವೆ ಎಂದಳು.

ಆದರೂ ಈಗ ಬೇಡ ಎಂಬುದೇ ನನ್ನ ಸ್ಪಷ್ಟ ಸಲಹೆಯಾಗಿತ್ತು. ರೋಗಿಯ ಕಿಡ್ನಿ ಏಕೆ ಕೆಟ್ಟಿತೆಂದು ಗೊತ್ತಾಗಿಲ್ಲ; ಸ್ಕ್ಯಾನ್ ಮಾಡುವ ಹೊತ್ತಿಗೆ ಎರಡೂ ಕುಗ್ಗಿದ್ದವು, ಬಯಾಪ್ಸಿಗೆ ಹೊತ್ತು ಮೀರಿತ್ತು. ರಕ್ತಸಂಬಂಧದ ಮದುವೆಗಳಿರುವ ಮನೆತನದಲ್ಲಿ ಅಪ್ಪ-ಅಮ್ಮ ಇಬ್ಬರಿಂದಲೂ ದೋಷದ ಪ್ರತಿ ಬಂದು ಹುಟ್ಟುವ ಕಿಡ್ನಿ ಕಾಯಿಲೆಯ ಸಾಧ್ಯತೆ ಹೆಚ್ಚು, ಅದು ಮಗಳಲ್ಲೂ ಅಡಗಿರಬಹುದು. ಕಾಯಿಲೆಗೆ ಕಾರಣವಾಗುವ ಹಲವು ವಂಶವಾಹಿಗಳನ್ನು ಒಟ್ಟಿಗೆ ನೋಡುವ ಜೀನ್ ಪ್ಯಾನೆಲ್ ಪರೀಕ್ಷೆಯನ್ನು ರೋಗಿಗೆ ಮಾಡಿದಾಗ ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ. ಇನ್ನೂ ಮಕ್ಕಳಾಗಬೇಕಾದ ಹುಡುಗಿ. ಕಿಡ್ನಿ ಕೊಟ್ಟವರಿಗೆ ಬಸಿರಿನಲ್ಲಿ ರಕ್ತದೊತ್ತಡ ಏರುವ ಸಂಭವ ಹೆಚ್ಚು. ಮತ್ತೊಂದು ಲೆಕ್ಕವೂ ಇದೆ. 39ಕ್ಕೆ ಕಸಿಯಾದವರಿಗೆ ಮುಂದೊಂದು ದಿನ ಎರಡನೆಯ ಕಿಡ್ನಿ ಬೇಕಾಗಬಹುದು. ಅಜ್ಜಿಯ ಕಿಡ್ನಿ ಸೋತು ನೀಲಿಯ ವಿರುದ್ಧ ಪ್ರತಿಕಾಯ ಹುಟ್ಟಿದರೂ, ಮಗಳಲ್ಲಿ ನೀಲಿ ಇಲ್ಲದ್ದರಿಂದ ಅವಳ ದಾರಿ ಮುಚ್ಚುವುದಿಲ್ಲ. ಆರಕ್ಕೆ ಆರು ಎಂದರೆ ತಿರಸ್ಕಾರ ತಡೆಯುವ ಗುಳಿಗೆ ಬೇಡ ಎಂದೂ ಅಲ್ಲ. 1954ರಲ್ಲಿ ಬಾಸ್ಟನ್‌ನಲ್ಲಿ ಆದ ಕಸಿ ಗುಳಿಗೆ ಇಲ್ಲದೆ ಉಳಿದದ್ದು ದಾನಿ, ರೋಗಿ ಇಬ್ಬರೂ ಏಕರೂಪಿ ಅವಳಿಗಳಾಗಿದ್ದರಿಂದ. ಉಳಿದವರಲ್ಲಿ ಎಚ್‌ಎಲ್‌ಎ ಆಚೆಗಿನ ಸಣ್ಣ ವ್ಯತ್ಯಾಸಗಳೂ ತಿರಸ್ಕಾರಕ್ಕೆ ಕಾರಣವಾಗುತ್ತವೆ.

ಗಂಡ ತಲೆ ತಗ್ಗಿಸಿ ಕೂತಿದ್ದರು. ಹಸಿರು ಅವರ ತಪ್ಪಲ್ಲ, ಮಗನನ್ನು ಹೊತ್ತ ಬಸಿರಿನ ಗುರುತು ಅದು ಎಂದೆ. ಅದೇ ಕಾರಣಕ್ಕೆ ಮಗನೂ ಮುಂದೆ ಅಮ್ಮನಿಗೆ ಸುಲಭದ ದಾನಿಯಲ್ಲ.

ಹೊರಗಿನ ರಕ್ತದಿಂದ ಹೊಸ ಪ್ರತಿಕಾಯ ಹುಟ್ಟದಿರಲಿ ಎಂದು ಕಸಿಗೆ ಮುಂಚೆ ಕೊಟ್ಟ ಸೂಚನೆ ಒಂದೇ: ರಕ್ತಹೀನತೆಗೆ ಕಬ್ಬಿಣಾಂಶ ಮತ್ತು ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೋಪೊಯೆಟಿನ್ ಇಂಜೆಕ್ಷನ್, ರಕ್ತ ಹಾಕಿಸಲೇಬೇಕಾದರೆ ಬಿಳಿ ರಕ್ತಕಣ ತೆಗೆದದ್ದು, ಆಮೇಲೆ 2 ಮತ್ತು 4 ವಾರಕ್ಕೆ ಪ್ರತಿಕಾಯ ಪರೀಕ್ಷೆ ಮತ್ತೆ.

ತಾಯಿಯ ಕಿಡ್ನಿ ಹಾಕಿದ ನಾಲ್ಕನೇ ದಿನ ಮನೆಯವರು ಮತ್ತೆ ಗಾಬರಿಯಾದರು. 48 ಕೆಜಿ ತೂಕಕ್ಕೆ ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್ ಗುಳಿಗೆ 2.5 ಮಿಗ್ರಾಂನಂತೆ ದಿನಕ್ಕೆ ಎರಡು ಸಲ ಕೊಟ್ಟಿದ್ದರೂ ರಕ್ತದಲ್ಲಿ ಅದರ ಲೆವೆಲ್ 3.8, ಬೇಕಿದ್ದದ್ದು 8ರಿಂದ 12. ಡೋಸ್ 4 ಮಿಗ್ರಾಂಗೆ ಏರಿಸಿದಾಗ "ಮೈ ಕಿಡ್ನಿಯನ್ನ ಒಪ್ತಿಲ್ವಾ?" ಎಂದರು. ಅದಲ್ಲ. ಆಕೆಯದು ಸಿವೈಪಿ3ಎ5 ಕಿಣ್ವ ಚುರುಕಾಗಿರುವ ಮೈ. ಕರುಳು ಮತ್ತು ಪಿತ್ತಜನಕಾಂಗ ಔಷಧವನ್ನು ಬೇಗ ಒಡೆದುಹಾಕುತ್ತವೆ. ಇಂಥವರಿಗೆ ಮಾಮೂಲಿಗಿಂತ ಒಂದೂವರೆಯಿಂದ ಎರಡು ಪಟ್ಟು ಬೇಕಾಗುತ್ತದೆ. ಪಕ್ಕದ ಹಾಸಿಗೆಯವರ ಡೋಸ್ ನೋಡಿ ತಮ್ಮದನ್ನು ಕಡಿಮೆ ಮಾಡಿಕೊಳ್ಳಬಾರದು.

ಬರೆದುಕೊಟ್ಟ ಚೀಟಿಯಲ್ಲಿದ್ದದ್ದು: ಬೆಳಿಗ್ಗೆ 8, ರಾತ್ರಿ 8, ಹೊತ್ತು ತಪ್ಪಬಾರದು, ತಪ್ಪಿದ ಗುಳಿಗೆಗಳ ನಡುವೆಯೇ ಹೊಸ ಪ್ರತಿಕಾಯ ಹುಟ್ಟುತ್ತದೆ. ಚಕ್ಕೋತ ತಿನ್ನಬೇಡಿ, ಲೆವೆಲ್ ಏರಿ ಕಿಡ್ನಿಗೆ ಪೆಟ್ಟು. ಭೇದಿಯಾದರೂ ಲೆವೆಲ್ ಏರಬಹುದು, ಅದೇ ದಿನ ಫೋನ್ ಮಾಡಿ. ಕ್ಷಯದ ರಿಫಾಂಪಿಸಿನ್ ಲೆವೆಲ್ ಇಳಿಸುತ್ತದೆ, ಶಿಲೀಂಧ್ರ ಸೋಂಕಿಗೆ ಕೊಡುವ ಕೆಲವು ಗುಳಿಗೆ ಏರಿಸುತ್ತವೆ. ಯಾವ ಡಾಕ್ಟರ ಬಳಿ ಹೋದರೂ ಕಸಿಯಾಗಿದೆ ಎಂದು ಮೊದಲೇ ಹೇಳಿ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಗುಳಿಗೆ. ಮೊದಲೇ ನುಂಗಿದರೆ ಲೆವೆಲ್ ಇಲ್ಲದ ಎತ್ತರ ತೋರಿಸುತ್ತದೆ, ಅದನ್ನು ನಂಬಿ ಡೋಸ್ ಇಳಿಸಿಬಿಡುತ್ತಾರೆ. ಈ ಚೀಟಿಯನ್ನು ಗಂಡ ಇಸಿದುಕೊಂಡು ಜೇಬಿಗಿಟ್ಟುಕೊಂಡರು.