ಪಟ್ಟಿ ಜೋಡಿಸಿದರೆ ಬಟ್ಟೆ ಬಾಗುತ್ತದೆ, ಮೂಲೆ ಕೂಡುವುದಿಲ್ಲ. ಏನು ಮಾಡಲಿ?

ಚೂಡಿದಾರ್ ಹೊಲಿದು ಉಳಿದ ಹೂವಿನ ಪ್ರಿಂಟ್ ಕಾಟನ್‌ನಲ್ಲಿ ಅಂಕುಡೊಂಕು ವಿನ್ಯಾಸದ ಹೊದಿಕೆ ಮಾಡಲು ಹೊರಟಿದ್ದೀರಿ. ಚೌಕ ಕತ್ತರಿಸಿ ಜೋಡಿಸಿದರೆ ಮೂಲೆ ಕೂಡುವುದಿಲ್ಲ, ಉದ್ದ ಪಟ್ಟಿ ಹೊಲಿದರೆ ಬಾಗುತ್ತದೆ ಎಂದಿದ್ದೀರಿ. ನಾನು ಉಡುಪಿಯವಳು, ಮನೆಯಲ್ಲೇ ಹೊಲಿಯುತ್ತೇನೆ. ನನಗೆ ತುಂಬಾ ಇಷ್ಟದ ಕೆಲಸ ಇದು, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಚೌಕ ಕತ್ತರಿಸುವುದನ್ನು ಬಿಡಿ ಮಾರಾಯ್ರೇ. ಮೊದಲು ಹೊಲಿಯಿರಿ, ಆಮೇಲೆ ಕತ್ತರಿಸಿ. ಅಮೆರಿಕದ ಫ್ಲಾರಿಡಾದ ಸೆಮಿನೋಲ್ ಹೆಂಗಸರು 1920ರ ದಶಕದಲ್ಲಾಗಲೇ ಹೀಗೆ ಮಾಡುತ್ತಿದ್ದರು. ಉದ್ದ ಪಟ್ಟಿಗಳನ್ನು ಮೆಷಿನ್‌ನಲ್ಲಿ ಕೂಡಿಸಿ, ಅಡ್ಡಕ್ಕೆ ಕತ್ತರಿಸಿ, ತುಂಡುಗಳನ್ನು ಸ್ವಲ್ಪ ಸರಿಸಿ ಮತ್ತೆ ಹೊಲಿಯುತ್ತಿದ್ದರು. ನಿಮ್ಮ ವಿನ್ಯಾಸಕ್ಕೂ ಇದೇ ದಾರಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ವಿನ್ಯಾಸವನ್ನು ಬಾರ್ಜೆಲೊ ಎನ್ನುತ್ತಾರೆ.

ಆರು ಬಗೆಯ ಬಟ್ಟೆ ತೆಗೆದುಕೊಳ್ಳಿ. ಒಂದೊಂದರಿಂದ ಎರಡೂವರೆ ಇಂಚು ಅಗಲ, 40 ಇಂಚು ಉದ್ದದ ಪಟ್ಟಿ. ಅಷ್ಟುದ್ದ ಸಿಗದಿದ್ದರೆ ಸಿಕ್ಕಷ್ಟು. ಆರನ್ನೂ ಕೂಡಿಸಿ, ಕೊನೆಯ ಪಟ್ಟಿಯನ್ನು ಮೊದಲನೆಯದಕ್ಕೂ ಸೇರಿಸಿ ಹೊಲಿದರೆ ಕೊಳವೆಯಾಗುತ್ತದೆ. ಅದನ್ನು ಅಡ್ಡಕ್ಕೆ ಎರಡೂವರೆ ಇಂಚಿಗೊಂದರಂತೆ ಕತ್ತರಿಸಿದರೆ 16 ಬಳೆ ಸಿಗುತ್ತವೆ. ಮೊದಲ ಬಳೆಯಲ್ಲಿ ಒಂದು ಹೊಲಿಗೆ ಬಿಚ್ಚಿ ಉದ್ದಕ್ಕೆ ಹರಡಿ. ಎರಡನೆಯದರಲ್ಲಿ ಅದರ ಪಕ್ಕದ ಹೊಲಿಗೆ, ಮೂರನೆಯದರಲ್ಲಿ ಅದಕ್ಕೂ ಮುಂದಿನದು. ನಾಲ್ಕನೆಯದಾದ ಮೇಲೆ ಹಾಗೇ ಹಿಂದಕ್ಕೆ ಬನ್ನಿ. ಸಾಲಾಗಿ ಜೋಡಿಸಿ ನೋಡಿ, ಬಣ್ಣಗಳು ಮೇಲೇರಿ ಕೆಳಗಿಳಿಯುತ್ತವೆ! ಎಲ್ಲಾ ಕತ್ತರಿಯೂ ನೇರ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಂತೆ ಹಿಗ್ಗುವ ತೊಂದರೆ ಇಲ್ಲ. ಬಳೆಗಳನ್ನೆಲ್ಲಾ ಹೀಗೆ ಸಾಲಾಗಿ ಹೊಲಿದರೆ ಒಂದು ತುಂಡು. ಇಂಥ ಎರಡು ತುಂಡುಗಳನ್ನು ಒಂದರ ಕೆಳಗೊಂದು ಇಟ್ಟರೆ ವಿನ್ಯಾಸ ತಾನಾಗಿಯೇ ಮುಂದುವರಿಯುತ್ತದೆ.

ಬಾಗುವುದು ಯಾಕೆ ಅಂದರೆ, ಮೆಷಿನ್‌ನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆಯುತ್ತದೆ, ಮೇಲಿನದು ಸ್ವಲ್ಪ ಹಿಂದೆ ಉಳಿಯುತ್ತದೆ. ಎಲ್ಲಾ ಹೊಲಿಗೆಯನ್ನೂ ಒಂದೇ ತುದಿಯಿಂದ ಶುರು ಮಾಡಿದರೆ ಆ ಎಳೆತ ಸೇರುತ್ತಾ ಹೋಗುತ್ತದೆ. ಒಂದನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ಹೊಲಿಯಿರಿ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಎತ್ತಿ ಒತ್ತಿ. ಟೈಲರ್ ಹತ್ತಿರ ಉಳಿಯುವ ತುಂಡು ಹೆಚ್ಚಾಗಿ ಓರೆಯಾಗಿರುತ್ತದೆ. ಅಂಚಿನಲ್ಲಿ ಸಣ್ಣ ಕತ್ತರಿ ಹಾಕಿ ಕೈಯಲ್ಲೇ ಹರಿಯಿರಿ. ಹರಿದ ಗೆರೆ ಎಳೆಯ ಗುಂಟ ಹೋಗುತ್ತದೆ, ಪಟ್ಟಿಯನ್ನು ಅದಕ್ಕೆ ನೇರವಾಗಿ ಕತ್ತರಿಸಿ.

ಮೂಲೆ ಕೂಡಬೇಕಾದರೆ ಬಟ್ಟೆಯ ಅಂಚಿನಿಂದ ಹೊಲಿಗೆಗೆ ಕಾಲು ಇಂಚಿನ ಅಂತರ ಎಲ್ಲಾ ಕಡೆ ಒಂದೇ ಇರಬೇಕು. ಸೂಜಿಯಿಂದ ಅಷ್ಟು ದೂರಕ್ಕೆ ಮೆಷಿನ್ ಮೇಲೆ ಟೇಪ್ ಅಂಟಿಸಿಕೊಳ್ಳಿ. ಐದು ಪಟ್ಟಿ ಕೂಡಿಸಿದಾಗ ಅಗಲ ಹತ್ತೂವರೆ ಇಂಚು ಬರಬೇಕು. ಪ್ರತಿ ಹೊಲಿಗೆ ಇಂಚಿನ 16ನೇ ಒಂದು ಭಾಗ ಜಾಸ್ತಿ ಒಳಗೆ ಹೋದರೂ ಅರ್ಧ ಇಂಚು ಕಡಿಮೆಯಾಗುತ್ತದೆ. ಬಳೆಗಳಿಗೆ ಇಸ್ತ್ರಿ ಹಾಕುವಾಗ ಹೊಲಿಗೆಯ ಮಡಿಕೆ ಒಂದರಲ್ಲಿ ಮೇಲಕ್ಕೆ, ಪಕ್ಕದ್ದರಲ್ಲಿ ಕೆಳಕ್ಕೆ ಮಾಡಿ. ಎದುರುಬದುರು ಇಟ್ಟಾಗ ಮಡಿಕೆಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಮೂಲೆ ಸರಿಯಾಗಿ ಕೂಡುತ್ತದೆ.

ಬಣ್ಣದ ಬಗ್ಗೆ ನನ್ನ ಮಾತು ಇಷ್ಟೇ. ಹೂವು ಚಂದ ಇದೆಯಾ ಎಂದು ನೋಡಬೇಡಿ, ಕಡು ಯಾವುದು ತಿಳಿ ಯಾವುದು ನೋಡಿ. ಎರಡು ಇಂಚಿನಲ್ಲಿ ದೊಡ್ಡ ಹೂವು ಹೇಗೂ ಕತ್ತರಿಸಿ ಹೋಗುತ್ತದೆ. ಆರನ್ನೂ ಸಾಲಾಗಿಟ್ಟು ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಎಲ್ಲಾ ಒಂದೇ ಬೂದು ಕಂಡರೆ ಅಂಕುಡೊಂಕು ಕಾಣುವುದೇ ಇಲ್ಲ. ಕಡುವಿನಿಂದ ತಿಳಿಗೆ ಕ್ರಮವಾಗಿ ಜೋಡಿಸಿ. ಗೆರೆಗೆರೆ ಪ್ರಿಂಟ್ ಬೇಡ, ಕೂದಲೆಳೆಯಷ್ಟು ಸೊಟ್ಟವಾದರೂ ಎದ್ದು ಕಾಣುತ್ತದೆ.

ಕತ್ತರಿಸುವ ಮೊದಲು ಎಲ್ಲವನ್ನೂ ಒಗೆದು ಪೂರ್ತಿ ಒಣಗಿಸಿ. ಕೆಂಪು, ಕಡುನೀಲಿಯನ್ನು ಬೇರೆ ಬಕೆಟ್‌ನಲ್ಲಿ ನೆನೆಸಿ, ಬಣ್ಣ ಬಿಟ್ಟರೆ ತೆಗೆದಿಡಿ. ತೆಳು ಬಟ್ಟೆಗೆ ಗಂಜಿ ಹಾಕಿದರೆ ಕತ್ತರಿ ನೇರ ಹೋಗುತ್ತದೆ. ಬೆಳ್ತಿಗೆ ಅಕ್ಕಿಯ ತಿಳಿಯೇ ಒಳ್ಳೆಯದು, ಕುಚ್ಚಲಕ್ಕಿಯದ್ದು ತಿಳಿ ಬಣ್ಣವನ್ನು ಮಂಕು ಮಾಡುತ್ತದೆ.

ಒಳಗೆ ಹತ್ತಿ ತುಂಬಿಸಬೇಡಿ, ನಮ್ಮ ಸೆಖೆಗೆ ಅದು ಆಗುವುದಿಲ್ಲ. ಉತ್ತರ ಕರ್ನಾಟಕದ ಕೌದಿಯ ಹಾಗೆ ಹಿಂದೆ ಹಳೆಯ ಕಾಟನ್ ಸೀರೆ ಇಟ್ಟು, ಕೈಯಲ್ಲಿ ಉದ್ದಕ್ಕೂ ಓಟದ ಹೊಲಿಗೆ ಹಾಕಿ. ಮೆದುವಾಗಿ, ಒಗೆಯಲು ಸುಲಭವಾಗಿ ಉಳಿಯುತ್ತದೆ. ಅಂಚು ಕಟ್ಟಿದ ಮೇಲೆ ಒಮ್ಮೆ ಒಗೆದು ಗಂಜಿ ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.